ಖಾಲಿ ಹಾಳೆಯ ಠರಾವು

"ಏ ಹೆಣ್ಣ, ಸರಿ ಆ ಕಡಿ! ನಿಮ್ಮಪ್ಪನ ಬೆಂಚೇನು ಇವು?"

ತಾಲೂಕಿನ ಶಿಕ್ಷಣ ಕಚೇರಿಯಿಂದ ಬಂದ ಸಿದ್ಧಲಿಂಗ ಸಾಹೇಬ ಹೀಗೆ ಕೂಗಿದ್ದು ಶಾಲೆಯ ಬೆಂಚುಗಳಿಗೆ ಅಡ್ಡ ನಿಂತಿದ್ದ ನನಗೆ. ನಾನು ಭೀಮಮ್ಮ. ಶಹಾಬಾದ್ ಕಡೆಯ ಫರ್ಸಿ ಗಣಿಯಲ್ಲಿ ಹಾಸುಗಲ್ಲು ಹೊರುವವಳು, ಜೊತೆಗೆ ನಮ್ಮ ಕೇರಿಯ ಸರ್ಕಾರಿ ಶಾಲೆಯ ಸಮಿತಿಗೆ ಅಧ್ಯಕ್ಷೆ. ಹೊರಗೆ ನಿಂತ ಟೆಂಪೊದೊಳಗೆ ಆಗಲೇ ನಕಾಶೆ, ಕಪಾಟು, ಮಕ್ಕಳ ಊಟದ ತಟ್ಟೆಗಳು ಏರಿದ್ದವು.

"ಅಪ್ಪಂದಲ್ರಿ, ನನ್ ಮಗಳ್ದು. ಆರನೇತ್ತಿ ಓದ್ಲಿಕತ್ತಾಳ. ಸಾಲಿ ಒಯ್ದ್ರ ಅಕಿ ಎಲ್ಲಿ ಕುಂದ್ರಬೇಕು?"

"ಆರು ಕಿಲೋಮೀಟರಿಗಿ ದೊಡ್ಡ ಸಾಲಿ ಅದ. ಬಸ್ ಬಿಡ್ತಾರಂತ."

"ಅಂತ! ಆ ದಾರ್ಯಾಗ ಸಿಮೆಂಟ್ ಲಾರಿ ಬಿಟ್ರ ಏನ್ ಬರ್ತದ? ಎರಡ್ ದಿನ ಹೋಗ್ತಾಳ, ಮೂರನೇ ದಿನ ನನ್ ಜೋಡಿ ಕಲ್ ಹೊರ್ಲಿಕ್ಕ ಬರ್ತಾಳ."

"ಬರ್ಲಿ ಬಿಡು. ನಿಮ್ ಮಂದಿ ಕಲ್ತು ಏನ್ ಕಲೆಕ್ಟರ್ ಆಗೋರದೀರಾ? ಇಷ್ಟಕ್ಕೂ ಒಪ್ಪಿದೋರು ನೀವ." ನಮ್ಮ ಸಮಿತಿಯ ಠರಾವಿನ ಪುಸ್ತಕ ತೆರೆದು ನನ್ನ ಮೂಗಿಗೆ ಹಿಡಿದ. "ಓದ್ರಿ ಅಧ್ಯಕ್ಷರ!"

ನನಗೆ ಓದಲು ಬರುವುದಿಲ್ಲ. ಹೆಸರು ಬರೆಯಲು ಬರುತ್ತದೆ, ಅದನ್ನೂ ಮಗಳೇ ಕಲಿಸಿದ್ದು. ಸಾಹೇಬನ ಜೊತೆ ಬಂದವರು ಕಿಸಕ್ಕನೆ ನಕ್ಕರು. ಆಗ ಮಕ್ಕಳ ನಡುವಿನಿಂದ ನನ್ನ ಭಾಗ್ಯ ಎದ್ದು ಬಂದಳು.

"ನಾ ಓದ್ತೀನಿ."

"ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ ಸದರಿ ಶಾಲೆಯನ್ನು ವಿಲೀನಗೊಳಿಸಲು ಪಾಲಕರ ಪೂರ್ಣ ಒಪ್ಪಿಗೆ ಇದೆಯೆಂದು ಸರ್ವಾನುಮತದಿಂದ ಠರಾಯಿಸಲಾಯಿತು." ಎಲ್ಲೂ ತಡವರಿಸಲಿಲ್ಲ. ನಮ್ಮ ವಂಶದಲ್ಲೇ ಯಾರೂ ಹಾಗೆ ಓದಿದವರಿಲ್ಲ. ಹಾಳೆಯ ಕೆಳಗೆ ಬಂದು ಅವಳ ಬೆರಳು ನಿಂತಿತು.

"ಯವ್ವಾ, ಇದು ನಿನ್ ಸಹಿ."

ಹೌದು, ನನ್ನದೇ. ಸಭೆಗೆ ಬಂದರೆ ಅರ್ಧ ದಿನದ ಪಗಾರ ಹೋಗುತ್ತದೆಂದು ಶಾಲೆಯ ಅಬ್ದುಲ್ ಗನಿ ಮಾಸ್ತರು ಪುಸ್ತಕವನ್ನು ಗಣಿಗೇ ತಂದು, ನಾಲ್ಕೈದು ಖಾಲಿ ಹಾಳೆಗೆ ಒಟ್ಟಿಗೇ ನಮ್ಮ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮೊಟ್ಟೆಯ ವಿಷಯ, ನಲ್ಲಿಯ ವಿಷಯ ಆಮೇಲೆ ಬರೆದುಕೊಳ್ಳುತ್ತಿದ್ದರು. ಒಂದು ಸುಳ್ಳೂ ಬರೆದವರಲ್ಲ. ಹೋದ ತಿಂಗಳು ತಪಾಸಣೆಯೆಂದು ಸಾಹೇಬ ಆ ಪುಸ್ತಕ ಒಯ್ದಿದ್ದ.

"ನೀವ್ ಒಯ್ಯಾಗ ಆ ಹಾಳಿ ಖಾಲಿ ಇತ್ರಿ ಸಾಹೇಬ್ರ," ಮಾಸ್ತರು ಕೈಮುಗಿದರು. "ತಪ್ಪು ನಂದು. ನನ್ನ ಸಸ್ಪೆಂಡ್ ಮಾಡ್ರಿ, ಸಾಲಿ ಬಿಡ್ರಿ."

"ಬಾಯಿ ಮುಚ್ಚೋ! ಖಾಲಿ ಹಾಳಿಗಿ ಸಹಿ ತಗೊಂಡಿ ಅಂತ ಮೊದಲ್ ನಿನ್ ಮ್ಯಾಗ ಕೇಸ್ ಜಡೀತೀನಿ."

ಮಗಳ ಕಡೆ ನೋಡುವ ಧೈರ್ಯ ಬರಲಿಲ್ಲ. ಅಂಗಳದಲ್ಲಿ ನೆರೆದಿದ್ದ ಕೇರಿಯ ಮಂದಿಯ ಕಡೆ ತಿರುಗಿದೆ.

"ಸಾಲಿ ಮುಚ್ಚಲಿಕ್ಕ ಯಾರರ ಒಪ್ಪೀರೇನ್ರೇ?"

"ಇಲ್ಲ!" ಅಂದಳು ನನ್ನ ಜೊತೆ ಗಣಿಗೆ ಬರುವ ರಮಾಬಾಯಿ. "ಇಲ್ಲ!" ಅಂದರು ಉಳಿದವರು.

"ಕೇಳ್ದಿಲ್ಲೋ ಹಲ್ಕಟ್ ಸೂಳಿಮಗನ? ಸಭಾ ಈಗ ನಡದದ. ಬರ್ಕೋ ಇದನ್ನ!" ಎಂದೆ ಸಾಹೇಬನಿಗೆ.

ಸಾಹೇಬ ಬರೆದುಕೊಳ್ಳಲಿಲ್ಲ, ಪೊಲೀಸರಿಗೆ ಫೋನು ಹಚ್ಚಿದ. ನಾವು ಹೆಂಗಸರು ರಸ್ತೆ ಬದಿಯ ಒಟ್ಟಿಲಿನಿಂದ ಫರ್ಸಿ ಹೊತ್ತು ತಂದು ಟೆಂಪೊದ ಹಿಂದೆ ಮುಂದೆ ಒಟ್ಟಿದೆವು. ದಿನಾ ಮಾಲಕನಿಗೆ ಹೊರುವ ಕಲ್ಲು, ಅವತ್ತು ಭಾರವೇ ಅನಿಸಲಿಲ್ಲ. ಅದರ ಮೇಲೇ ಕುಳಿತೆವು. ಬಿಸಿಲಿಗೆ ಕಲ್ಲು ಸುಡುತ್ತಿತ್ತು.

"ಬಾ ಭಾಗ್ಯ, ಇಲ್ಲಿ ಕುಂದ್ರು ಬಾರವ್ವ," ಎಂದೆ.

ಬರಲಿಲ್ಲ. ದೂರ, ಕೊನೆಯ ಕಲ್ಲಿನ ಮೇಲೆ ರಮಾಬಾಯಿಯ ಆಚೆ ಹೋಗಿ ಕುಳಿತಳು. ಮತ್ತೆ ಕರೆಯುವ ಮುಖ ನನಗಿರಲಿಲ್ಲ.

ಜೀಪು ಬಂತು. ಇಳಿದ ಪೊಲೀಸ ಮೊದಲು ಭಾಗ್ಯಳ ತೋಳನ್ನೇ ಹಿಡಿದ.

"ಏಳ! ಯಾರ್ ಮಗಳ್ ನೀ?"

"ಈ ಸಾಲಿ ಹುಡುಗಿ," ಅಂದಳು ಭಾಗ್ಯ. ನನ್ನ ಹೆಸರು ಹೇಳಲಿಲ್ಲ.