ಧ್ವನಿ ಭಾಗ ನೋಡಿಕೊಳ್ಳುತ್ತಿದ್ದವರು

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಕರಡಕ್ಕ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷ ಕರಡು ತಿದ್ದಿದವಳು. ಕರಪತ್ರವಿರಲಿ, ಕಾನೂನಿನ ದಪ್ಪ ಪುಸ್ತಕವಿರಲಿ, ಅವಳ ಕೆಂಪು ಶಾಯಿ ದಾಟದೆ ಒಂದು ಹಾಳೆಯೂ ಅಚ್ಚಿಗೆ ಹೋಗುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಒತ್ತಡ ಏರಿತು. ಮೊದಲು ಸಾಲಿನ ಅಂಚು ಮಸುಕಾಯಿತು, ಆಮೇಲೆ ಇಡೀ ಸಾಲು. ಎರಡೇ ವರ್ಷದಲ್ಲಿ ಕಿಟಕಿ ಯಾವ ಕಡೆ ಇದೆ ಅನ್ನುವುದಷ್ಟೇ ತಿಳಿಯುವ ಹಾಗಾಯಿತು.

"ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಮನೆಯಲ್ಲಿ ಆರಾಮಾಗಿರಿ" ಅಂದರು ಮಾಲೀಕರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೂ ಕಣ್ಣು ಹೋದದ್ದಕ್ಕಿಂತ ಆ ಮಾತೇ ಅವಳನ್ನು ಹೆಚ್ಚು ಕುಗ್ಗಿಸಿತು.

ದಾರಿ ಹುಡುಕಿದ್ದು ಜೊತೆಯಲ್ಲೇ ಇದ್ದ ಅಕ್ಕನ ಮಗಳು. ಕಂಪ್ಯೂಟರಿಗೆ ಒಂದು ಎಡಿಟರ್ ಹಾಕಿಕೊಟ್ಟಳು. ಬರೆದದ್ದನ್ನು ಅದು ಸಾಲುಸಾಲಾಗಿ ಓದಿ ಹೇಳುತ್ತಿತ್ತು, ಅಲ್ಪವಿರಾಮ ಬಂದರೆ ಅದನ್ನೂ ಹೇಳುತ್ತಿತ್ತು.

"ಇದನ್ನ ಯಾವ ಕಂಪನಿನೂ ಮಾಡಿದ್ದಲ್ಲ ಚಿಕ್ಕಮ್ಮ. ಯಾರ್ಯಾರೋ ತಮ್ಮ ಬಿಡುವಿನಲ್ಲಿ ಸೇರಿ ಮಾಡಿದ್ದು. ಒಳಗೇನಿದೆ ಅಂತ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು."

"ಪುಕ್ಕಟೆ ಅನ್ನು" ಎಂದಳು ಕರಡಕ್ಕ. ಅವರು ಯಾರು ಏನು ಅಂತ ಕೇಳಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅವಳು ಮತ್ತೆ ತನ್ನ ಹಳೆಯ ಮೇಜಿನ ಮುಂದೆ ಕೂತಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತಲೆ ಸ್ವಲ್ಪ ವಾಲಿಸಿ, ಕಣ್ಣಿದ್ದಾಗ ಹಿಡಿಯುತ್ತಿದ್ದಷ್ಟೇ ತಪ್ಪು ಹಿಡಿಯುತ್ತಿದ್ದಳು.

ಎಡವಟ್ಟಾದದ್ದು ಒಂದು ಅಭಿನಂದನಾ ಗ್ರಂಥದಲ್ಲಿ. ಎಡಿಟರಿನ ಹೊಸ ಆವೃತ್ತಿ ಬಂದಿತ್ತು. ಅದರ ದನಿ ಅಲ್ಲಲ್ಲಿ ಒತ್ತಕ್ಷರ ನುಂಗುತ್ತಿತ್ತು, ಅದು ಇವಳಿಗೆ ಗೊತ್ತಾಗಿರಲಿಲ್ಲ. ಅಕ್ಷರ ಜೋಡಿಸಿದವನು 'ಹಿರಿಯ ಕತ್ತೆಗಾರರು' ಎಂದು ಜೋಡಿಸಿದ್ದ. ದನಿ 'ಕತೆಗಾರರು' ಎಂದು ಓದಿತು. ಕರಡಕ್ಕ ಸರಿ ಎಂದಳು. ಐನೂರು ಪ್ರತಿ ಅಚ್ಚಾಯಿತು.

ಮುದ್ರಣಾಲಯದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲೀಕರು ನಗಲಿಲ್ಲ. ಬೈಯಲೂ ಇಲ್ಲ. ಅವಳ ಮೇಜಿನ ಪಕ್ಕದಲ್ಲಿ ಒಂದು ನಿಮಿಷ ಸುಮ್ಮನೆ ನಿಂತು ಹೋದರು.

ಗುರುವಾರ ಬೆಳಿಗ್ಗೆ ಅವಳು ನಡೆದದ್ದನ್ನೆಲ್ಲ ತಿಳಿಸಿ ಎಡಿಟರ್ ಮಾಡಿದವರಿಗೆ ಬರೆದಳು: "ಬಾರದ ಕೆಲಸಕ್ಕೆ ಕೈ ಹಾಕಬಾರದು. ಪುಕ್ಕಟೆ ಕೊಡುತ್ತೇವೆ ಅಂದ ಮಾತ್ರಕ್ಕೆ ಹೇಗೆ ಬೇಕಾದರೂ ಕೊಡಬಹುದೆಂದು ತಿಳಿದಿದ್ದೀರಾ? ನಿಮಗೆ ಇದು ಹೊತ್ತು ಕಳೆಯುವ ಆಟ. ನನಗೆ ಬದುಕು."

ಶನಿವಾರ ಮಧ್ಯಾಹ್ನ ಅವರಲ್ಲೊಬ್ಬನಿಂದ ಉತ್ತರ ಬಂತು, ಕೆಳಗೆ ಅವನ ಹೆಸರಿತ್ತು. "ತಪ್ಪಾಯಿತು ಅಕ್ಕ. ಸರಿಪಡಿಸಿದ್ದೇನೆ, ದಯವಿಟ್ಟು ಒಮ್ಮೆ ಕೇಳಿ ನೋಡಿ. ತಡವಾಯಿತು, ಕ್ಷಮಿಸಿ. ನಿಮ್ಮ ಮಾಲೀಕರಿಗೆ ಬೇಕಿದ್ದರೆ, ತಪ್ಪು ನಿಮ್ಮದಲ್ಲ ನನ್ನದು ಅಂತ ನಾನೇ ಬರೆದು ಕೊಡುತ್ತೇನೆ."

ಅವಳು ಕೇಳಿ ನೋಡಿದಳು. ಸರಿಯಾಗಿತ್ತು. ಮುಂದಿನ ಕರಡು ತೆಗೆದುಕೊಂಡಳು. ಉತ್ತರ ಬರೆಯಬೇಕು ಅನ್ನಿಸಲೇ ಇಲ್ಲ.

ಒಂದೂವರೆ ವರ್ಷ ಕಳೆಯಿತು. ಮತ್ತೊಂದು ಆವೃತ್ತಿ ಬಂದ ದಿನ ಯಾವುದೋ ಕೀಲಿ ತಪ್ಪಿ ಒತ್ತಿದಳು, 'ಇದಕ್ಕಾಗಿ ದುಡಿದವರು' ಎಂಬ ಪುಟ ತೆರೆದುಕೊಂಡಿತು. ದನಿ ಹದಿನಾಲ್ಕು ಹೆಸರು ಓದಿತು. ಕೊನೆಯ ಹೆಸರಿನ ಹಿಂದೆ 'ದಿವಂಗತ' ಎಂದು ಸೇರಿಸಿ, "ಧ್ವನಿ ಭಾಗ ನೋಡಿಕೊಳ್ಳುತ್ತಿದ್ದವರು" ಎಂದಿತು. ತನಗೆ ಉತ್ತರ ಬರೆದವನ ಹೆಸರು ಅದು. ಅವಳು ಅದೇ ಸಾಲನ್ನು ಮೂರು ಸಲ ಓದಿಸಿದಳು.

ಗುಂಪಿನ ಹಿರಿಯರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಅವಳು ವಿಚಾರಿಸಿ ಬರೆದಾಗ ವಿವರವಾಗಿ ತಿಳಿಸಿದರು. ಅವನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದನಂತೆ. ಮೂವತ್ತೆಂಟು ವಯಸ್ಸು. ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಮಂಗಳವಾರ, ಗುರುವಾರ, ಶನಿವಾರ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. "ಎಡಗೈಗೆ ಸೂಜಿ ಇರುತ್ತಿತ್ತು. ಬಲಗೈಯೊಂದರಲ್ಲೇ ನಮ್ಮ ಕೆಲಸ ಮಾಡುತ್ತಿದ್ದ. ಬೇಡ ಅಂದರೆ, ಸುಮ್ಮನೆ ಮಲಗಿ ಚಾವಣಿ ನೋಡೋದಕ್ಕಿಂತ ಇದೇ ವಾಸಿ ಮೇಷ್ಟ್ರೇ ಅನ್ನುತ್ತಿದ್ದ."

ತಾನು ಬೈದು ಬರೆದದ್ದು ಗುರುವಾರ, ಅವನ ಉತ್ತರ ಬಂದದ್ದು ಶನಿವಾರ. ಕರಡಕ್ಕ ಅವನ ಹಳೆಯ ಉತ್ತರ ತೆಗೆದು ಮತ್ತೆ ಓದಿಸಿದಳು.

ಅವನ ತಾಯಿ ರೈಲಿನಲ್ಲಿ ಮೂರು ಗಂಟೆಯ ದೂರದಲ್ಲಿದ್ದರು. ಭಾನುವಾರ ಅಕ್ಕನ ಮಗಳ ತೋಳು ಹಿಡಿದು ಕರಡಕ್ಕ ಹೋದಳು. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ತಾಯಿ ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಅಂಗೈ ಒರಟಾಗಿತ್ತು, ಸೋಪಿನ ವಾಸನೆ ಇತ್ತು.

"ನಿಮ್ಮ ಮಗ ನನಗೆ ಉಪಕಾರ ಮಾಡಿದ್ರು ಅಮ್ಮ. ನಾನು ಅವರಿಗೆ ಕೆಟ್ಟದಾಗಿ ಬೈದು ಬರೆದಿದ್ದೆ. ಸರಿಮಾಡಿಕೊಟ್ಟ ಮೇಲೂ ಒಂದು ಮಾತು ಬರೀಲಿಲ್ಲ. ಅವರು ಆ ಸ್ಥಿತಿಯಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ."

"ನಂಗೇನೂ ಹೇಳ್ತಿರಲಿಲ್ಲಮ್ಮ ಅವನು" ಅಂದರು ತಾಯಿ. "ನಾನೂ ಬೈತಿದ್ದೆ. ಒಂದು ಗಳಿಗೆ ಕಣ್ಣು ಮುಚ್ಚೋ, ಆ ಕಂಪ್ಯೂಟರ್ ಡಬ್ಬ ಆಚೆ ಇಡೋ ಅಂತ. ಅದರಲ್ಲಿ ಏನು ಮಾಡ್ತಾನೆ ಅಂತ ಕೇಳಲೇ ಇಲ್ಲ. ಏನು ಮಾಡ್ತಿದ್ದ ಅವನು?"

ಅಕ್ಕನ ಮಗಳು ಲ್ಯಾಪ್‌ಟಾಪ್ ತೆರೆದಳು. ತಾಯಿ ಹೇಳಿದ ಹಾಗೆ ಅವನ ಹೆಸರು, ಹುಟ್ಟಿದ ದಿನ, ಓದಿದ ಶಾಲೆ ಎಲ್ಲ ಬರೆದು ಕೀಲಿ ಒತ್ತಿದಳು. ದನಿ ಒಂದಕ್ಷರ ಬಿಡದೆ ಓದಿತು.

"ಇದು ಅವನ ದನಿನಾ?" ತಾಯಿ ಮೆಲ್ಲಗೆ ಕೇಳಿದರು.

ಹೌದು ಅನ್ನಬಹುದಿತ್ತು. ಕರಡಕ್ಕನ ಬಾಯಿಗೆ ಅದು ಬಂದೂ ಇತ್ತು. "ಅಲ್ಲಮ್ಮ, ಯಂತ್ರದ್ದು. ಹೀಗೆ ತಪ್ಪಿಲ್ಲದೆ ಓದೋದನ್ನ ಕಲಿಸಿದ್ದು ಅವರು."

"ಇರಲಿ. ಇನ್ನೊಂದು ಸಲ ಓದಿಸಿ."

ಅವರು ಐದಾರು ಸಲ ಓದಿಸಿದರು. ರೈಲಿನ ಹೊತ್ತಾದಾಗ ತಾಯಿ ಬಾಗಿಲವರೆಗೆ ಬಂದು, "ಮೆಟ್ಟಿಲು ಹುಷಾರು" ಎಂದಷ್ಟೇ ಹೇಳಿದರು.

ಆ ವಾರ ಕರಡಕ್ಕ ಉಳಿದ ಹದಿಮೂರು ಜನಕ್ಕೂ ಬೇರೆ ಬೇರೆ ಪತ್ರ ಬರೆದಳು. ಯಾರು ಯಾವ ಭಾಗ ಮಾಡಿದ್ದು ಎಂದು ಮೇಷ್ಟ್ರನ್ನು ಕೇಳಿ ತಿಳಿದುಕೊಂಡು, ಅದರಿಂದ ತನ್ನ ಮೇಜಿನ ಮೇಲೆ ಏನೇನು ಸಲೀಸಾಯಿತು ಅನ್ನುವುದನ್ನು ಬರೆದಳು. ಐದು ಜನ ಉತ್ತರಿಸಿದರು. ಅವರಲ್ಲೊಬ್ಬಳು ಹೊಲಿಗೆ ಅಂಗಡಿಯವಳು. ಎಂಟು ವರ್ಷದಿಂದ ಕೀಲಿಮಣೆಯ ಭಾಗ ನೋಡಿಕೊಳ್ಳುತ್ತಿದ್ದಾಳಂತೆ, ಇಂಥ ಪತ್ರ ಇದೇ ಮೊದಲಂತೆ.

ಮೇಷ್ಟ್ರು ಆಗಾಗ ಬರೆಯುತ್ತಿರುತ್ತಾರೆ. ಧ್ವನಿ ಭಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.