ಅಲಸಂದೆ ಬಳ್ಳಿಗೆ ಪಾಸ್‌ಪೋರ್ಟ್ ಫೋಟೊ

ಬಳ್ಳಿ ಹೂಬಿಡುವ ಹೊತ್ತಿಗೆ ಸರಿಯಾಗಿ ಹುಳ ಬಿದ್ದರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ? ನಮ್ಮ ಬೀದಿಯ ದರ್ಜಿಯಕ್ಕನ ತಾರಸಿಯ ಮೇಲೆ ಅದೇ ಆಯಿತು. ಮೂರು ಹಳೆಯ ಡ್ರಮ್ಮು, ಮೂರು ಅಲಸಂದೆ ಬಳ್ಳಿ. ಒಂದೊಂದು ಕುಡಿಯ ಮೇಲೂ ಸಾಸಿವೆ ಮೆತ್ತಿದ ಹಾಗೆ ಕಪ್ಪು ಹೇನುಹುಳು.

ಅಂಗಡಿಯಲ್ಲಿ ಅಲಸಂದೆಗೇನು ಬರವೇ ಎಂದು ನೀವು ಕೇಳಬಹುದು. ಆದರೆ ಇದು ಅವಳ ತಾಯಿ ವರ್ಷವರ್ಷವೂ ಕಾಪಿಟ್ಟುಕೊಂಡು ಬಂದ ಬೀಜ. ತಾಯಿ ತೀರಿಕೊಂಡ ಮೇಲೆ ಸೀಸೆಯ ತಳದಲ್ಲಿ ಉಳಿದದ್ದು ಏಳು ಕಾಳು, ಮೊಳೆತದ್ದು ಮೂರು. ಈ ಸಲ ಕಾಯಿ ಬಲಿಯದಿದ್ದರೆ ಅಮ್ಮನ ಬೀಜ ಅಲ್ಲಿಗೆ ಮುಗಿಯಿತು.

"ಭಾನುವಾರ ಇವರಿಗೆ ರಜ. ಪಂಪು ತರಿಸಿ ಔಷಧಿ ಹೊಡಿಸ್ತೀನಿ. ಒಂದೂ ಉಳೀಬಾರ್ದು!" ಎಂದಳು ದರ್ಜಿಯಕ್ಕ. ಇವರು ಎಂದರೆ ಅವಳ ಗಂಡ, ಬಸ್ ಡ್ರೈವರ್.

ಅದನ್ನು ಕೇಳಿಸಿಕೊಂಡದ್ದು ಅವಳ ಅತ್ತಿಗೆ, ಅಣ್ಣನ ಹೆಂಡತಿ. ಬೀದಿ ಮೂಲೆಯ ಫೋಟೊ ಸ್ಟುಡಿಯೊ ಅವಳದೇ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಿತ್ತಿಲ ಹುಳಹುಪ್ಪಟೆಯ ಫೋಟೊ ತೆಗೆದು, ಪುಸ್ತಕದ ಚಿತ್ರಗಳ ಪಕ್ಕ ಇಟ್ಟು ನೋಡುವ ಚಟ ಅವಳಿಗೆ.

"ಶನಿವಾರದವರೆಗೆ ದಿನಾ ಒಂದು ಫೋಟೊ ತೆಗೀತೀನಿ ಕಣೇ. ಆಮೇಲೆ ನಿನ್ನಿಷ್ಟ."

"ಹೇನಿಗೂ ಫೋಟೊನಾ ಅತ್ತಿಗೆ? ಅದಕ್ಕೇನು ಗಂಡು ನೋಡ್ತಿದ್ದೀರಾ?"

"ನೋಡಿದ್ರೆ ತಪ್ಪೇನು? ಬಳ್ಳೀಲಿ ಯಾರ್ಯಾರು ಸಂಸಾರ ಹೂಡಿದ್ದಾರೆ ಅಂತಾನಾದ್ರೂ ಗೊತ್ತಾಗತ್ತೆ."

ಅತ್ತಿಗೆಯ ಕೆಲಸವೆಂದರೆ ಅಚ್ಚುಕಟ್ಟು. ಸೋಮವಾರ ಬೆಳಿಗ್ಗೆ ಬಂದವಳೇ ಒಂದು ಕುಡಿಗೆ ಕೆಂಪು ದಾರ ಕಟ್ಟಿದಳು. ಅದರ ಹಿಂದೆ ಬಿಳಿ ಲೈನಿಂಗ್ ಬಟ್ಟೆ ಇಳಿಬಿಟ್ಟಳು. ದಿನವೂ ಅದೇ ಹೊತ್ತು, ಅದೇ ದೂರ, ಅದೇ ಕುಡಿ. ಎಲೆಯ ಅಡಿಯದೂ ಒಂದು ಫೋಟೊ.

"ಬಳ್ಳಿಗೆ ಪಾಸ್‌ಪೋರ್ಟ್ ಮಾಡಿಸ್ತಿದ್ದಾರೆ, ದಾರಿ ಬಿಡ್ರಪ್ಪಾ!" ಎಂದು ಡ್ರೈವರ್ ಮೆಟ್ಟಿಲಲ್ಲೇ ನಿಂತು ನಗುತ್ತಿದ್ದ.

ಶನಿವಾರ ದರ್ಜಿಯಕ್ಕ ಗುಂಡಿ ಹಾಕಿಡುವ ಡಬ್ಬಿಯೊಂದನ್ನು ಹಿಡಿದು ಸ್ಟುಡಿಯೊಗೆ ನುಗ್ಗಿದಳು. ಮುಖದಲ್ಲಿ ಗೆದ್ದ ಕಳೆ.

"ನೀವು ಫೋಟೊ ತೆಗೀತಾ ಕೂತ್ಕೊಳ್ಳಿ. ನಾನು ಬೆಳಿಗ್ಗೆಯಿಂದ ದಾರ ಕೀಳೋ ಚಿಮುಟದಲ್ಲಿ ಒಂದೊಂದನ್ನೇ ಎತ್ತಿ ಹಿಡಿದಿದ್ದೀನಿ. ದೊಡ್ಡ ಕಳ್ಳರು ಇವೇ! ಹೇನು ಇವುಗಳ ಮರಿ ಇರಬೇಕು."

ಡಬ್ಬಿಯೊಳಗೆ ಕಪ್ಪು ಹುಳುಗಳು. ಮೈಮೇಲೆ ಮುಳ್ಳು, ಕಿತ್ತಳೆ ಚುಕ್ಕೆ, ಮೊಸಳೆಯ ಮರಿಯಂಥ ಆಕಾರ.

ಅತ್ತಿಗೆ ಬಯ್ಯಲಿಲ್ಲ. ಕಂಪ್ಯೂಟರ್ ಮುಂದೆ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. "ಬುಧವಾರದ್ದು ನೋಡು," ಎಂದು ಫೋಟೊ ದೊಡ್ಡದು ಮಾಡಿದಳು.

ಅದೇ ಮುಳ್ಳುಹುಳು. ಬಾಯಲ್ಲೊಂದು ಹೇನು.

"ಅಯ್ಯೋ, ತಿಂತಿದೆ!"

"ದಿನವಿಡೀ ಅದೇ ಕೆಲಸ ಅದಕ್ಕೆ. ಸೋಮವಾರ ಇಂಥದ್ದೇ ಒಂದು ಎಲೆಗಂಟಿಕೊಂಡು ಮುದುರಿತ್ತು. ಮಂಗಳವಾರ ಕೋಶ. ಇವತ್ತು ಬೆಳಿಗ್ಗೆ ಅದೇ ಎಲೆ."

ಒಡೆದ ಕೋಶದ ಪಕ್ಕದಲ್ಲಿ ಗುಲಗಂಜಿ ಹುಳು ಕೂತಿತ್ತು. ಚಿಕ್ಕವಳಿದ್ದಾಗ ದರ್ಜಿಯಕ್ಕ ಅಂಗೈ ಮೇಲೆ ಹತ್ತಿಸಿಕೊಂಡು ಆಡುತ್ತಿದ್ದಳಲ್ಲ, ಅದೇ ಕೆಂಪು ಹುಳು.

"ಇಷ್ಟು ಚೆಂದದ್ದು ಇಂಥ ಮೊಸಳೆ ಮರಿಯಿಂದ ಬರತ್ತಾ? ಹಾಗಾದ್ರೆ ನಾನು... ಅಮ್ಮನ ಬಳ್ಳಿ ಕಾಯ್ತಿದ್ದವನ್ನೇ ಹಿಡಿದು ತುಂಬಿದ್ನಾ?"

"ಗೊತ್ತಿರಲಿಲ್ಲ, ಹಿಡಿದೆ. ನಾನೂ ಮೊದಲು ಹೊಸಕಿದ್ದೀನಿ ಕಣೇ. ಏಳು, ಬಿಡೋಣ. ತಡ ಮಾಡಿದ್ರೆ ಹಸಿವಿಗೆ ಒಂದನ್ನೊಂದು ತಿಂದ್ಕೊಳ್ತವೆ."

ಅಷ್ಟರಲ್ಲಾಗಲೇ ಕೆಲವು ಸತ್ತಿದ್ದವು. ಬದುಕಿದ್ದ ಹನ್ನೊಂದನ್ನು ದರ್ಜಿಯಕ್ಕ ತಾರಸಿಗೆ ಒಯ್ದು, ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು, ಹಸುಗೂಸನ್ನು ಮಲಗಿಸುವ ಹಾಗೆ ಕುಡಿಯ ಮೇಲೆ ಇಳಿಸಿದಳು. ಬಳ್ಳಿಯ ಮೇಲೆ ಹರಿದಾಡುತ್ತಿದ್ದ ಇರುವೆಗಳು ತಕ್ಷಣ ಅವುಗಳ ಮೇಲೆರಗಿದವು.

"ಇವಕ್ಕೇನು ರೋಗ?"

"ಹೇನು ಬಳ್ಳಿಯ ರಸ ಹೀರಿ ಸಿಹಿ ಹನಿ ಬಿಡತ್ತೆ. ಇರುವೆಗೆ ಅದು ಬೇಕು. ಅದಕ್ಕೇ ಕಾವಲು."

"ಅಂದ್ರೆ ಹಸು ಸಾಕಿದ ಹಾಗೆ ಸಾಕಿವೆ ಅನ್ನಿ. ಕಿಲಾಡಿಗಳು!"

ಇಬ್ಬರೂ ಸೇರಿ ಡ್ರಮ್ಮುಗಳ ಸುತ್ತ ಗ್ರೀಸ್ ಸವರಿದ ಬಟ್ಟೆಯ ಪಟ್ಟಿ ಕಟ್ಟಿದರು. ಗೋಡೆಗೆ ತಾಗಿದ್ದ ಕುಡಿಗಳನ್ನು ಬಿಡಿಸಿ, ತುದಿಗೆ ಗ್ರೀಸ್ ಸವರಿದ ಹಗ್ಗಕ್ಕೆ ಹಬ್ಬಿಸಿದರು. ಇರುವೆಯ ದಾರಿ ಬಂದ್.

ಭಾನುವಾರ ಬೆಳಿಗ್ಗೆ ಡ್ರೈವರ್ ಬೆನ್ನಿಗೆ ಪಂಪು ಕಟ್ಟಿಕೊಂಡು ಮೇಲೆ ಬಂದ. ಹೆಂಡತಿ ಬಳ್ಳಿಗೆ ಅಡ್ಡ ನಿಂತಳು.

"ಕೆಳಗಿಳಿಸ್ರೀ ಅದನ್ನ. ಅವರು ಕೆಲಸ ಮಾಡ್ತಿದ್ದಾರೆ."

"ಯಾರೇ ಅವರು? ಇಲ್ಲಿ ಯಾರಿದ್ದಾರೆ?"

ಅತ್ತಿಗೆ ಫೋನಿಗೆ ಕಳಿಸಿದ್ದ ಫೋಟೊಗಳನ್ನು ಅವಳು ತೋರಿಸುತ್ತ ಹೋದಳು. ಅವನು ಮೊದಲು ನಕ್ಕ, ಆಮೇಲೆ ಕನ್ನಡಕ ಹಾಕಿಕೊಂಡ. ಕಡೆಗೆ ಪಂಪು ಇಳಿಸಿ, ಎಲೆಯ ಅಡಿಗೆ ಕತ್ತು ಹೊರಳಿಸಿ ಕೂತ. "ಲೇ, ಇಲ್ಲೊಂದು ತಿಂತಾ ಇದೆ ಬಾರೇ! ಫೋನ್ ಕೊಡು, ಫೋನ್ ಕೊಡು!"

ಮೂರು ಬಳ್ಳಿಯೂ ಉಳಿಯಿತು ಎಂದರೆ ಸುಳ್ಳಾಗುತ್ತದೆ. ಹೇನು ಹೆಚ್ಚಾಗಿ ಮುದುಡಿದ್ದ ಒಂದು ಒಣಗಿತು. ಉಳಿದೆರಡು ಕಾಯಿ ಬಿಟ್ಟವು. ಬಲಿತ ಕಾಯಿ ಸುಲಿದಾಗ ದರ್ಜಿಯಕ್ಕನ ಎರಡು ಬೊಗಸೆ ತುಂಬ ಅಮ್ಮನ ಬೀಜ. ಒಂದು ಬೊಗಸೆಯನ್ನು ಅತ್ತಿಗೆಯ ಸೆರಗಿಗೆ ಸುರಿದಳು. "ನಿಮ್ಮಲ್ಲೂ ಇರಲಿ. ಒಂದೇ ಮನೇಲಿ ಇಡೋದು ಬೇಡ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಜೇಬಿನಲ್ಲೂ ಕ್ಯಾಮೆರಾ ಇದೆಯಲ್ಲ? ಕುಂಡವಿರಲಿ, ರಸ್ತೆಬದಿಯ ಗಿಡವಿರಲಿ, ಒಂದು ಕುಡಿ ಆರಿಸಿಕೊಳ್ಳಿ. ಒಂದು ವಾರ ದಿನವೂ ಅದೇ ಹೊತ್ತಿಗೆ ಫೋಟೊ ತೆಗೆಯಿರಿ. ಎಲೆಯ ಅಡಿಯನ್ನು ಮರೆಯಬೇಡಿ. ದೊಡ್ಡದು ಮಾಡಿ ನೋಡಿ: ಯಾರು ಯಾರನ್ನು ತಿನ್ನುತ್ತಿದ್ದಾರೆ, ಯಾರಿಗೆ ಯಾರು ಕಾವಲು? ತಿಳಿಯದಿದ್ದರೆ ತಿಳಿದವರಿಗೆ ತೋರಿಸಿ. ಔಷಧಿ ಹೊಡೆಯುವುದಕ್ಕೆ ಒಂದು ಗಳಿಗೆ ಸಾಕು, ಅದು ನಾಳೆಯೂ ಆದೀತು. ನಿಮ್ಮ ಪರವಾಗಿ ಬಾಯಿಲ್ಲದೆ ದುಡಿಯುತ್ತಿರುವವರು ಯಾರೆಂದು ಇವತ್ತು ನೋಡಿಕೊಳ್ಳಿ.