ಮೂರು ಬೆರಳು

ಐಗಳಿ ಊರಿನ ಹುಡುಗ ವಿಕ್ರಾಂತ, ಸೈನ್ಯದ ಭರ್ತಿಯಲ್ಲಿ ಓಟ ಪಾಸಾಗಿದ್ದ. ಉಳಿದದ್ದು ಮೆಡಿಕಲ್ ಒಂದೇ. ಅದಕ್ಕೆಂದು ಅಥಣಿಗೆ ಹೋಗಿ ಕಿವಿ ಸ್ವಚ್ಛ ಮಾಡಿಸಿಕೊಂಡು ಬಂದ. ಮಂಡಿಗಳು ಒಂದಕ್ಕೊಂದು ತಾಗುತ್ತವೆಯೇ ಎಂದು ಕನ್ನಡಿಯ ಮುಂದೆ ನಿಂತು ನೋಡಿಕೊಂಡ. ಬಾಯಿಯ ಯೋಚನೆ ಬರಲೇ ಇಲ್ಲ.

“ಬಾಯಿ ತೆಗಿ. ಇನ್ನೂ ತೆಗಿ,” ಎಂದರು ಭರ್ತಿಯ ಡಾಕ್ಟರು.

“ಇಷ್ಟ ರೀ ಸರ್.”

ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಬಾಯಿಯೊಳಗಿಡಲು ಹೇಳಿದರು. ಎರಡು ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು.

“ಮಾವಾ ತಿಂತೀ?”

“ಬಿಟ್ಟೇನ್ರಿ.”

“ಯಾವಾಗ?”

“ಓಟದ ದಿವಸ.”

ಡಾಕ್ಟರು ‘ಅನರ್ಹ’ ಎಂದು ಬರೆದರು. ಕೆನ್ನೆಯ ಒಳಚರ್ಮ ಬಿಗಿದುಹೋಗಿದೆ, ಮಾವಾ ಪೂರ್ತಿ ಬಿಟ್ಟರೆ ಹೆಚ್ಚಾಗುವುದು ನಿಲ್ಲಬಹುದು, ಮೊದಲಿನಂತಾಗುವುದು ಕಷ್ಟ ಎಂದರು.

ಮಾವಾ ಶುರುವಾದದ್ದು ಪಿಯುಸಿ ಸೂಟಿಯಲ್ಲಿ, ಲಗಮಣ್ಣನ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದಾಗ. ಅಲ್ಲಿ ಕೂಲಿಯವರಿಗೆ ಚಹಾದ ಜೊತೆ ಮಾಲೀಕನೇ ಮಾವಾ ಕೊಡುತ್ತಿದ್ದ. ಅಡಿಕೆ, ತಂಬಾಕು, ಸುಣ್ಣ ಪ್ಲಾಸ್ಟಿಕ್ಕಿನಲ್ಲಿ ತಿಕ್ಕಿ ದವಡೆಗಿಟ್ಟರೆ ಹಸಿವು ಗೊತ್ತಾಗುವುದಿಲ್ಲ, ಕೈ ನಿಲ್ಲುವುದಿಲ್ಲ. ವಿಕ್ರಾಂತ ಬೇಡವೆಂದಾಗ ಗೆಳೆಯ ಸಂಗ್ರಾಮ, “ಇನ್ನೂ ಹಾಲಹಲ್ಲ ಅದಾವೇನ್ಲೇ?” ಎಂದಿದ್ದ. ಎಲ್ಲರೂ ನಕ್ಕಿದ್ದರು.

ವರ್ಷದ ಹಿಂದೆ ಖಾರ ತಿಂದರೆ ಬಾಯಿ ಉರಿಯತೊಡಗಿತು. “ಭರ್ತಿ ಹುಡುಗ್ರು ಖಾರ ತಿನ್ನಬಾರದ ಬೇ,” ಎಂದು ಅವ್ವನಿಗೆ ಹೇಳಿದ. ಅವ್ವ ಸುಂದರಾ ನಂಬಿದಳು. ಡೇರಿಗೆ ಹಾಕುವ ಹಾಲನ್ನು ತಪ್ಪಿಸಿ ಅವನ ರೊಟ್ಟಿಗೆ ಸುರಿದಳು. ಮಗ ಸೈನ್ಯಕ್ಕೆ ಹೋಗುತ್ತಾನೆಂದು ಓಣಿಯಲ್ಲೆಲ್ಲ ಹೇಳಿಕೊಂಡಳು. ಆಗಲೇ ನಿಜ ಹೇಳಿದ್ದರೆ ಅವಳು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು.

ಈಗ ಎಲ್ಲ ಕೇಳಿದ ಮೇಲೆ ಅವಳು ಬೈಯಲಿಲ್ಲ. “ಉರಿತೈತಿ ಅಂತ ಒಂದ ಮಾತ ಅನ್ನಬಾರದಾಗಿತ್ತೇನೋ?” ಎಂದಳು ಅಷ್ಟೆ.

ಅಪ್ಪ ಜ್ಞಾನದೇವನಿಗೆ ಸಿಟ್ಟು ಬಂದದ್ದು ಡಾಕ್ಟರ ಮೇಲೆ. “ಅಂವಗೇನ ತಿಳಿತೈತಿ? ಹುಟ್ಟಿದಾಗಿಂದ ತಂಬಾಕ ತಿನ್ನಾಕತ್ತೇನಿ. ನನಗೇನಾಗೇತಿ? ನೋಡಿಲ್ಲಿ!”

ಬಾಗಿಲ ಬೆಳಕಿಗೆ ತಿರುಗಿ ‘ಆ’ ಎಂದ. ಬಾಯಿ ಪೂರ್ತಿ ತೆರೆಯಿತು. ವಿಕ್ರಾಂತ ಹತ್ತಿರ ಹೋಗಿ ಇಣುಕಿದ. ತಂಬಾಕು ಇಡುವ ಕಡೆ, ಕೆನ್ನೆಯೊಳಗೆ, ಒಂದು ಬಿಳಿ ಮಚ್ಚೆ. ಸುಣ್ಣವಿರಬೇಕೆಂದು ಬೆರಳಿನಿಂದ ಒರೆಸಿದ. ಹೋಗಲಿಲ್ಲ.

“ಅಪ್ಪಾ, ಇದ ಯಾವಾಗಿಂದ ಐತಿ?”

“ಯಾವುದು?” ಎಂದ ಅಪ್ಪ.